ಶ್ರಾವಣದ ಬ್ಯಾಚಿನ ಪೈಲಟ್

ಸುಧನ್ವ ಮೆಲ್ಬರ್ನ್‌ನ ಕ್ರೇಗಿಬರ್ನ್‌ನಲ್ಲಿರುವ ನಮ್ಮ ಮನೆಯ ಹಿಂದಿನ ರೂಮಿಗೆ ಬಾಡಿಗೆಗೆ ಬಂದದ್ದು 2002ರ ಚಳಿಗಾಲದಲ್ಲಿ. ಕೈಯಲ್ಲೊಂದು ಸೂಟ್‌ಕೇಸು, ಕಂಕುಳಲ್ಲೊಂದು ಪ್ರೆಶರ್ ಕುಕ್ಕರ್. “ಏನು ಓದೋಕೆ ಬಂದಿದೀಯಪ್ಪ?” ಅಂತ ಕೇಳಿದೆ. “ಪೈಲಟ್ ಆಗೋಕೆ ಆಂಟಿ” ಅಂದ. ನನಗೆ ನಗು ಬಂತು, ತಡೆದುಕೊಂಡೆ. ಪೈಲಟ್ ಎಂದರೆ ಎತ್ತರಕ್ಕೆ, ಗತ್ತಿನಿಂದ ಇರುತ್ತಾನೆ ಅಂದುಕೊಂಡಿದ್ದವಳು ನಾನು. ಈ ಅರಸೀಕೆರೆಯ ಪ್ರಾಣಿ ನೋಡಿದರೆ, ಬ್ಯಾಂಕಿನ ಸಾಲಿನಲ್ಲಿ ನಿಂತು ಹಿಂದಿನವರಿಗೆಲ್ಲ ಜಾಗ ಬಿಟ್ಟುಕೊಡುವ ಜಾತಿಯದು.

ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ನಾನು ವಸಂತಾ, ಮೈಸೂರಿನವಳು. ಇಲ್ಲಿ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ. ನನ್ನ ಗಂಡ ಗೋಪೀನಾಥ ಸಿಟಿಯಲ್ಲಿ ಯಾವುದೋ ಬ್ಯಾಂಕಿನ ಕಂಪ್ಯೂಟರ್ ನೋಡಿಕೊಳ್ಳುತ್ತಾರೆ. ನನಗೆ ಬಾಯಿ ಜೋರು ಅಂತ ಕನ್ನಡ ಸಂಘದಲ್ಲೆಲ್ಲ ಹೆಸರಿದೆ. ಅದು ಸುಳ್ಳೇನೂ ಅಲ್ಲ.

ಸುಧನ್ವ ಹಗಲು ಎಸೆಂಡನ್ ಏರ್‌ಪೋರ್ಟಿನ ಫ್ಲೈಯಿಂಗ್ ಸ್ಕೂಲಿನಲ್ಲಿ ಕಲಿಯುತ್ತಿದ್ದ, ಸಂಜೆ ಶಾಪಿಂಗ್ ಸೆಂಟರಿನ ನೆಲ ಒರೆಸುತ್ತಿದ್ದ. ಲೈಸೆನ್ಸ್ ಬಂತು, ಆದರೆ ಕೆಲಸ ಬರಲಿಲ್ಲ. ಏರ್‌ಲೈನ್‌ಗಳಿಗೆ ಹಾರಾಟದ ಅನುಭವ ಬೇಕು, ಕೆಲಸವಿಲ್ಲದೆ ಅನುಭವ ಎಲ್ಲಿಂದ ಬರಬೇಕು? ಕೊನೆಗೆ ಅದೇ ಸ್ಕೂಲಿನಲ್ಲಿ ಇನ್‌ಸ್ಟ್ರಕ್ಟರ್ ಆಗಿ ಸೇರಿಕೊಂಡ. ಪುಟ್ಟ ವಿಮಾನದಲ್ಲಿ ಪಕ್ಕದ ಸೀಟಿನಲ್ಲಿ ಕೂತು, ಬೇರೆಯವರ ಮಕ್ಕಳಿಗೆ ಹಾರುವುದನ್ನು ಕಲಿಸುತ್ತ ವರ್ಷಗಟ್ಟಲೆ ಕಳೆದ. ಇಲ್ಲೇ ಕಾಯಂ ಇರಲು ಪಿಆರ್ ಆಯಿತು. ತುಮಕೂರಿನ ಅಮೂಲ್ಯಾಳನ್ನು ಮದುವೆಯಾದ. ಅವಳಿಗೆ ಬಾಕ್ಸ್ ಹಿಲ್‌ನಲ್ಲಿ ಲ್ಯಾಬ್ ಕೆಲಸ ಸಿಕ್ಕಿ ಇಬ್ಬರೂ ಅಲ್ಲೇ ಒಂದು ಫ್ಲ್ಯಾಟ್ ಹಿಡಿದರು. ಆದರೂ ಭಾನುವಾರ ನಮ್ಮ ಮನೆಯಲ್ಲೇ ಊಟ. ನಮಗೆ ಮಕ್ಕಳಿಲ್ಲ. ಅವನು ಬರದ ಭಾನುವಾರ ನನಗೆ ಅಡುಗೆ ಮಾಡುವ ಮನಸ್ಸೇ ಬರುತ್ತಿರಲಿಲ್ಲ.

2008ರ ಜೂನ್‌ನಲ್ಲಿ ಬಾಗಿಲು ತೆರೆಯಿತು. ಆಗ ಎಲ್ಲ ಕಡೆ ಪೈಲಟ್‌ಗಳ ಅಭಾವ. ಹಳ್ಳಿ-ಪಟ್ಟಣಗಳಿಗೆ ಹಾರುವ ಸಣ್ಣ ಏರ್‌ಲೈನ್‌ಗಳಿಂದ ಒಳ್ಳೊಳ್ಳೆಯವರೆಲ್ಲ ದೊಡ್ಡ ಕಂಪನಿಗಳಿಗೆ ಹೋಗಿ, ಸಣ್ಣವರು ಇನ್‌ಸ್ಟ್ರಕ್ಟರ್‌ಗಳನ್ನು ಹುಡುಕಿಕೊಂಡು ಬರುತ್ತಿದ್ದರು. ಸುಧನ್ವನಿಗೆ ಒಂದೇ ವಾರದಲ್ಲಿ ಎರಡು ಕಡೆಯಿಂದ ಕರೆ ಬಂತು. ಹೆಸರು ಬೇಡ. ಒಂದು ಸಿಡ್ನಿಯ ಕಂಪನಿ, ಇನ್ನೊಂದು ಮೆಲ್ಬರ್ನ್‌ನದು. ಎರಡೂ ಕಡೆ ಜುಲೈ ಎರಡನೇ ವಾರದಲ್ಲಿ ಹೊಸಬರ ಬ್ಯಾಚು ಶುರು.

ಆ ಭಾನುವಾರ ನಮ್ಮ ಊಟದ ಮೇಜಿನ ಮೇಲೆ ಅದೇ ವಿಚಾರಣೆ. ಸಿಡ್ನಿಯವರ ವಿಮಾನ ದೊಡ್ಡದು, ಮೂವತ್ತು ಚಿಲ್ಲರೆ ಸೀಟಿನದು, ಮುಂದೆ ಕ್ಯಾಪ್ಟನ್ ಆಗುವ ದಾರಿ ಚೆನ್ನಾಗಿದೆ. ಮೆಲ್ಬರ್ನ್‌ನವರದು ಚಿಕ್ಕ ವಿಮಾನ, ಚಿಕ್ಕ ಕಂಪನಿ, ಆದರೆ ಎಸೆಂಡನ್‌ನಿಂದಲೇ ಹಾರಾಟ. ಹೆಚ್ಚಿನ ದಿನ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ನಾನು ರೇಗಿಸಿದೆ: “ಎರಡೆರಡು ಹೆಣ್ಣಿನ ಕಡೆಯವರು ಒಟ್ಟಿಗೆ ಬಂದು ಕೂತಿದಾರೆ ನೋಡು, ಯಾರಿಗೆ ಕಾಫಿ ಕೊಡ್ತೀಯೋ?” ಅಮೂಲ್ಯಾ ನಗಲಿಲ್ಲ. “ಆಂಟಿ, ಇವ್ರು ಸಿಡ್ನಿಗೆ ಹೋದ್ರೆ ನಾನು ಇಲ್ಲೇ ಇರ್ಬೇಕಾಗತ್ತೆ. ನನ್ನ ಕೆಲ್ಸ ಬಿಡಕ್ಕಾಗಲ್ಲ” ಅಂದಳು.

ಅವನ ಸ್ಕೂಲಿನಲ್ಲಿ ಕೆನ್ ಎಂಬ ಹಳೆಯ ಪೈಲಟ್ ಒಬ್ಬನಿದ್ದ. ಮೂರು ಕಂಪನಿ ಕಂಡವನು, ಮೂರರಲ್ಲೂ ಕೆಲಸ ಕಳೆದುಕೊಂಡವನು. ಅವನು ಹೇಳಿದ್ದನ್ನು ಸುಧನ್ವ ನಮಗೆ ಬಿಡಿಸಿ ಹೇಳಿದ. ಏರ್‌ಲೈನ್‌ನಲ್ಲಿ ಬುದ್ಧಿವಂತಿಕೆಗೆ ಬೆಲೆ ಇಲ್ಲ, ಸೇರಿದ ದಿನಕ್ಕೆ ಬೆಲೆ. ಯಾವ ದಿನ ಒಳಗೆ ಕಾಲಿಟ್ಟೆಯೋ ಅದೇ ನಿನ್ನ ಸೀನಿಯಾರಿಟಿ. ರಜೆ, ಪಾಳಿಯ ರೋಸ್ಟರ್, ಬಡ್ತಿ ಎಲ್ಲ ಅದರ ಪ್ರಕಾರ. ಕಷ್ಟಕಾಲ ಬಂದರೆ ಕೊನೆಗೆ ಸೇರಿದವನು ಮೊದಲು ಹೊರಗೆ. “ವಿಮಾನದ ಬಣ್ಣ ನೋಡಬೇಡ, ಯಾವ ಬಾಗಿಲಲ್ಲಿ ಬೇಗ ನುಗ್ಗಬಹುದೋ ಅಲ್ಲಿ ನುಗ್ಗು” ಅಂದಿದ್ದನಂತೆ ಕೆನ್.

“ಎರಡೂ ಒಂದೇ ವಾರ ಅಲ್ವೇನೋ? ಹಾಗಾದ್ರೆ ಹೆಂಡತಿ ಇರೋ ಊರು ನೋಡ್ಕೋ” ಅಂದರು ಗೋಪೀನಾಥ. ಅವರು ವರ್ಷಕ್ಕೆ ಒಂದು ಸಲ ಸರಿಯಾದ ಮಾತು ಆಡುತ್ತಾರೆ, ಅವತ್ತು ಆಡಿದರು. ಮೆಲ್ಬರ್ನ್ ಎಂದೇ ತೀರ್ಮಾನವಾಯಿತು. ನಾನು ಬೇಡವೆಂದರೂ ಕೇಳದೆ ಅಮೂಲ್ಯಾ ನನ್ನ ಪಾತ್ರೆಗಳನ್ನೆಲ್ಲ ತೊಳೆದಿಟ್ಟು ಹೋದಳು.

ಸುಧನ್ವ ಮನೆಗೆ ಹೋಗಿ ಅಮ್ಮನಿಗೆ ಫೋನ್ ಮಾಡಿದ. ಅಲ್ಲೇ ಎಲ್ಲ ತಲೆಕೆಳಗಾಯಿತು.

ಅವನ ತಾಯಿ ಇಂದಿರಮ್ಮನವರ ಕಥೆ ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಅವನ ತಂದೆ ಶ್ರೀಕಂಠಯ್ಯನವರು ರೈಲ್ವೆಯಲ್ಲಿ ಅಸಿಸ್ಟೆಂಟ್ ಡ್ರೈವರ್. ಡ್ರೈವರ್ ಆಗಿ ಬಡ್ತಿ ಬಂದಾಗ ಆಷಾಢ ನಡೆಯುತ್ತಿತ್ತು. “ಇನ್ನೊಂದು ವಾರ ತಡೀರಿ, ಶ್ರಾವಣ ಬರ್ಲಿ, ಆಮೇಲೆ ಚಾರ್ಜ್ ತಗೊಳ್ಳಿ” ಅಂತ ಇಂದಿರಮ್ಮ ಅಂಗಲಾಚಿದರಂತೆ. ಅವರು ನಕ್ಕು ಹೊರಟುಬಿಟ್ಟರು. ಆ ವರ್ಷದ ದೀಪಾವಳಿಗೆ ಮೊದಲೇ, ಮಳೆಯಲ್ಲಿ ಎಂಜಿನ್ನಿನ ಮೆಟ್ಟಿಲಿಂದ ಕಾಲು ಜಾರಿ ಬಿದ್ದರು. ತಲೆಗೆ ಏಟಾಗಿ ಹೋಗಿಯೇಬಿಟ್ಟರು. ಸುಧನ್ವ ಆಗ ಏಳನೇ ಕ್ಲಾಸು. ಮಳೆ, ಮೆಟ್ಟಿಲು, ಸವೆದ ಚಪ್ಪಲಿ ಯಾವುದನ್ನೂ ಇಂದಿರಮ್ಮ ದೂರಲಿಲ್ಲ. ಅವರ ಲೆಕ್ಕದಲ್ಲಿ ಗಂಡನನ್ನು ಕೊಂದದ್ದು ಆಷಾಢ.

ಈಗ ಮಗ ಆಷಾಢದಲ್ಲಿ ವಿಮಾನ ಹತ್ತುತ್ತೇನೆ ಅನ್ನುತ್ತಿದ್ದಾನೆ. ಬೇಡ ಅಂದಿದ್ದರೆ ಅವನು ಜಗಳವಾಡಿ ಗೆಲ್ಲುತ್ತಿದ್ದನೋ ಏನೋ. ಆಕೆ ಬೇಡ ಅನ್ನಲಿಲ್ಲ. “ನಿನ್ನಿಷ್ಟ ಕಣಪ್ಪ, ನೀನು ಓದ್ದೋನು. ನಾನೇನೂ ಹೇಳಲ್ಲ. ನೀನು ಮೇಲಿರೋ ದಿನ ನನಗೆ ನಿದ್ದೆ ಬರಲ್ಲ, ಅಷ್ಟೆ” ಅಂದರಂತೆ.

ಅಷ್ಟು ಸಾಕಾಯಿತು. ಮಾರನೆಯ ದಿನ ಅವನು ಮೆಲ್ಬರ್ನ್ ಕಂಪನಿಗೆ ಫೋನ್ ಮಾಡಿ, ಆಗಸ್ಟ್‌ನಲ್ಲಿ ಸೇರಬಹುದೇ ಅಂತ ಕೇಳಿದ. ಆಗುವುದಿಲ್ಲ, ಜುಲೈ ಬಿಟ್ಟರೆ ಈ ವರ್ಷ ಬೇರೆ ಬ್ಯಾಚಿಲ್ಲ ಅಂದರು. ಸಿಡ್ನಿಗೆ ಮಾಡಿದ. ಅಲ್ಲಿ ಆಗಸ್ಟ್‌ಗೆ ಇನ್ನೊಂದು ಬ್ಯಾಚಿತ್ತು. ಮನೆಯಲ್ಲಿ ಒಂದು ಧಾರ್ಮಿಕ ಕಾರಣವಿದೆ ಅಂದನಂತೆ. ಆ ಕಡೆಯ ಹೆಂಗಸು ಕಾರಣವನ್ನು ಪೂರ್ತಿ ಕೇಳದೆಯೇ ‘ನೋ ವರೀಸ್’ ಅಂದಳು. ಜುಲೈನಲ್ಲಿ ಸುಧನ್ವನಿಗಿದ್ದ ಜಾಗವನ್ನು ಆಗಸ್ಟ್ ಬ್ಯಾಚಿನ ಇನ್ನೊಬ್ಬನಿಗೆ ಕೊಟ್ಟು, ಅವನ ಜಾಗಕ್ಕೆ ಇವನನ್ನು ಹಾಕಿದಳು. ಹೀಗೆ ನಮ್ಮ ಸುಧನ್ವ ತನ್ನ ಏರ್‌ಲೈನ್ ಆರಿಸಿಕೊಂಡ. ಕೇಳಿದವರಿಗೆಲ್ಲ “ಸಿಡ್ನಿಯೋರ ವಿಮಾನ ದೊಡ್ಡದು” ಅಂತ ಹೇಳಿದ.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಪಂಚಾಂಗದ ಮೇಲೆ ನನಗೇನೂ ದ್ವೇಷವಿಲ್ಲ. ನಾನೂ ಆಷಾಢದಲ್ಲಿ ಈ ಮನೆಗೆ ಪ್ರವೇಶ ಮಾಡಲಿಲ್ಲ. ಆದರೆ ಮನೆ ಒಂದು ತಿಂಗಳು ಕಾಯುತ್ತದೆ, ಕೆಲಸ ಕಾಯುತ್ತದೆಯೇ? “ಕೆನ್ ಹೇಳಿದ್ದು ಮರೆತುಹೋಯ್ತೇನೋ?” ಅಂತ ಬೈದೆ. ತಟ್ಟೆಯಲ್ಲಿದ್ದ ಅನ್ನವನ್ನು ಕಲಸುತ್ತಲೇ ಕೂತಿದ್ದ. “ಆಂಟಿ, ನಾನು ಬೇರೆ ಯಾವ ಕೆಲಸ ಮಾಡಿದ್ರೂ ಅಮ್ಮಂಗೆ ಏನೂ ಆಗಲ್ಲ ಅಂತ ಹೇಳಬಹುದಿತ್ತು. ಈ ಕೆಲಸದಲ್ಲಿ ಹೇಗೆ ಹೇಳ್ಲಿ?” ಅಂದ. ನಾನು ಅವನ ತಟ್ಟೆಗೆ ಮೊಸರು ಬಡಿಸಿದೆ. ಅಮೂಲ್ಯಾ ಅವತ್ತು ಊಟಕ್ಕೇ ಬಂದಿರಲಿಲ್ಲ.

ಶ್ರಾವಣ ಸೋಮವಾರ ನೋಡಿ ಸೇರಿದ. ಸಿಡ್ನಿ ಏರ್‌ಪೋರ್ಟಿನ ಹತ್ತಿರ ಮ್ಯಾಸ್ಕಾಟ್‌ನಲ್ಲಿ ಒಂದು ಮನೆಯಲ್ಲಿ ರೂಮು ಹಿಡಿದ. ಪಕ್ಕದ ರೂಮಿನಲ್ಲಿದ್ದವನು ಅದೇ ಕಂಪನಿಯ ಟಿಮ್. ಸುಧನ್ವ ಬಿಟ್ಟುಕೊಟ್ಟ ಜುಲೈ ಜಾಗ ಹೋದದ್ದು ಆ ಟಿಮ್‌ಗೇ. ಇಬ್ಬರೂ ಅದನ್ನು ಹೇಳಿಕೊಂಡು ನಗುತ್ತಿದ್ದರಂತೆ. ಟಿಮ್ ಅವನನ್ನು ‘ಸರ್ ಅನ್ನು’ ಅಂತ ಛೇಡಿಸುತ್ತಿದ್ದನಂತೆ, ಮೂರು ನಾಲ್ಕು ವಾರ ಸೀನಿಯರ್ ಅಂತ.

ತರಗತಿ, ಸಿಮ್ಯುಲೇಟರ್, ಪರೀಕ್ಷೆ ಎಲ್ಲ ಮುಗಿದು, ಚಳಿ ಹೋಗಿ ಬಿಸಿಲು ಬರುವ ಹೊತ್ತಿಗೆ ಅವನು ನಿಜವಾಗಿಯೂ ಹಾರತೊಡಗಿದ. ಡಿಸೆಂಬರಿನಲ್ಲಿ ನಾವಿಬ್ಬರೂ ಅಮೂಲ್ಯಾಳನ್ನು ಕರೆದುಕೊಂಡು ಸಿಡ್ನಿಗೆ ಹೋಗಿ, ಬೇರೇನೂ ಕೆಲಸವಿಲ್ಲದಿದ್ದರೂ, ಅವನ ವಿಮಾನದಲ್ಲಿ ಡಬ್ಬೊ ಎಂಬ ಊರಿಗೆ ಟಿಕೆಟ್ ಬುಕ್ ಮಾಡಿದೆವು. ಕುರಿ ಸಾಕುವವರು, ಆಸ್ಪತ್ರೆಗೆ ಬಂದು ಊರಿಗೆ ಮರಳುತ್ತಿದ್ದ ಮುದುಕಿಯರು, ನಡುವೆ ಸೀರೆಯುಟ್ಟ ನಾನು. ವಿಮಾನ ಹೊರಡುವ ಮುಂಚೆ ಅವನ ದನಿ ಕೇಳಿತು. ಇಂಗ್ಲಿಷಿನಲ್ಲಿ ಹವಾಮಾನ, ಎತ್ತರ ಎಲ್ಲ ಗಂಭೀರವಾಗಿ ಹೇಳಿ ಮುಗಿಸಿ, ಕೊನೆಗೆ, “ಆಂಟಿ, ಅಂಕಲ್, ಅಮೂಲ್ಯಾ, ಬೆಲ್ಟ್ ಹಾಕ್ಕೊಳ್ಳಿ” ಅಂದ. ಮುಂದಿನ ಸೀಟಿನ ರೈತ ತಿರುಗಿ ನೋಡಿ, ನಿಮ್ಮ ಮಗನೇ ಅಂತ ಕೇಳಿದ. ನಾನು ಹೌದು ಅಂದುಬಿಟ್ಟೆ. ಡಬ್ಬೊದಲ್ಲಿ ಇಳಿದಾಗ ಭುಜದ ಮೇಲೆ ಪಟ್ಟಿ ಹಾಕಿಕೊಂಡು ಬಿಸಿಲಲ್ಲಿ ನಿಂತಿದ್ದ. ಅಷ್ಟು ದಿನ ಅವನ ಮೇಲೆ ಮುನಿದಿದ್ದ ಅಮೂಲ್ಯಾ ಎಲ್ಲರೆದುರಿಗೇ ಹೋಗಿ ಅವನ ಟೈ ಸರಿಮಾಡಿದಳು. ಅವನನ್ನು ಅಷ್ಟು ಸಂತೋಷವಾಗಿ ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅಷ್ಟರಲ್ಲಾಗಲೇ ಅಮೆರಿಕದಲ್ಲಿ ಬ್ಯಾಂಕುಗಳು ಬಿದ್ದಿದ್ದವು. ಅಲ್ಲಿ ಬ್ಯಾಂಕು ಬಿದ್ದರೆ ಇಲ್ಲಿ ಡಬ್ಬೊದ ಮುದುಕಿ ಯಾಕೆ ವಿಮಾನ ಹತ್ತುವುದು ಬಿಡಬೇಕು ಅಂತ ಗೋಪೀನಾಥರನ್ನು ಕೇಳಿದೆ. ಅವರು ವಿವರಿಸಿದರು, ನನ್ನ ತಲೆಗೆ ಹೋಗಲಿಲ್ಲ. ದೊಡ್ಡ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದು ನಿಲ್ಲಿಸಿದವು. ಹಾಗಾಗಿ ಸಣ್ಣ ಕಂಪನಿಗಳಿಂದ ಯಾರೂ ಬಿಟ್ಟು ಹೋಗಲಿಲ್ಲ. ಕೆಲವೇ ತಿಂಗಳ ಹಿಂದೆ ಪೈಲಟ್ ಇಲ್ಲ ಎಂದು ಅಳುತ್ತಿದ್ದವರ ಹತ್ತಿರ ಈಗ ಪೈಲಟ್‌ಗಳು ಹೆಚ್ಚಾಗಿದ್ದರು.

ಸಂಕ್ರಾಂತಿಯ ವಾರದಲ್ಲಿ ಸಿಡ್ನಿ ಆಫೀಸಿಗೆ ಕರೆಸಿದರು. ಕೊನೆಗೆ ಸೇರಿದವರು ಮೊದಲು ಹೊರಗೆ. ಆಗಸ್ಟ್ ಬ್ಯಾಚು ಪೂರ್ತಿ ಹೋಯಿತು, ಜುಲೈ ಬ್ಯಾಚಿನಲ್ಲಿ ಒಬ್ಬರೂ ಹೋಗಲಿಲ್ಲ. ಆಷಾಢ ಮತ್ತು ಶ್ರಾವಣದ ನಡುವೆ ಯಾರೋ ಗೆರೆ ಎಳೆದ ಹಾಗೆ. ಕೆಲಸದಲ್ಲಿ ಅವನದೊಂದೂ ತಪ್ಪಿರಲಿಲ್ಲ, ಪರೀಕ್ಷೆಯಲ್ಲಿ ಟಿಮ್‌ಗಿಂತ ಮುಂದಿದ್ದ. ಅದನ್ನು ಯಾರೂ ಕೇಳಲಿಲ್ಲ, ಕೇಳುವ ಪದ್ಧತಿಯೂ ಇಲ್ಲ. ಪರಿಸ್ಥಿತಿ ಸುಧಾರಿಸಿದರೆ ಸರದಿಯ ಪ್ರಕಾರ ವಾಪಸ್ ಕರೆಯುತ್ತೇವೆ ಅಂದು ಕೈ ಕುಲುಕಿ ಕಳಿಸಿದರು. ಟಿಮ್ ಸಂಜೆ ಬಿಯರ್ ತಂದು, ಅವನ ರೂಮಿನ ಬಾಗಿಲಲ್ಲಿ ನಿಂತು ಅತ್ತುಬಿಟ್ಟನಂತೆ. ಸುಧನ್ವನೇ ಅವನಿಗೆ ಸಮಾಧಾನ ಹೇಳಬೇಕಾಯಿತು.

ಮೆಲ್ಬರ್ನ್ ಕಂಪನಿ ಸೇರಿದ್ದರೆ? ಅದು ಕೂಡ ಆ ವರ್ಷದ ಮಧ್ಯದಲ್ಲಿ ವಿಮಾನಗಳನ್ನು ಮಾರಿ ಬಾಗಿಲು ಹಾಕಿತು. ಆ ಸುದ್ದಿ ಕೇಳಿದಾಗ ನನಗೆ ಒಂಥರಾ ನಿರಾಳವೇ ಆಯಿತು. “ನೋಡು, ಯಾವ ಕಡೆ ಹೋಗಿದ್ರೂ ಇದೇ ಗತಿ” ಅಂದೆ. ಅಮೂಲ್ಯಾ ಬಿಡಲಿಲ್ಲ. “ಇಲ್ಲ ಆಂಟಿ. ಸಿಡ್ನಿಗೆ ಜುಲೈನಲ್ಲಿ ಹೋಗಿದ್ರೆ ಇವತ್ತೂ ಹಾರ್ತಿರ್ತಿದ್ರು” ಅಂದಳು. ಅದು ಅವನಿಗೆ ಗೊತ್ತಿರಲಿಲ್ಲವೇ? ಅಷ್ಟೇ ಅವನಿಗೆ ಗೊತ್ತಿದ್ದದ್ದು. ಎದ್ದು ಹೋಗಿ ಕೈ ತೊಳೆದುಕೊಂಡ.

ಸಿಡ್ನಿಯಿಂದ ಮೆಲ್ಬರ್ನ್‌ಗೆ ವಾಪಸ್ ಬಂದಾಗ ಹಳೆಯ ಫ್ಲೈಯಿಂಗ್ ಸ್ಕೂಲಿನಲ್ಲಿ ಅವನ ಜಾಗಕ್ಕೆ ಬೇರೆಯವರಿದ್ದರು. ಟಲ್ಲಮರೀನ್ ಏರ್‌ಪೋರ್ಟಿನ ಕಾರ್ಗೋ ಶೆಡ್ಡಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಕೆಲಸ ಸಿಕ್ಕಿತು, ರಾತ್ರಿ ಪಾಳಿ. ವಿಮಾನದಿಂದ ಇಳಿದ ಪೆಟ್ಟಿಗೆಗಳನ್ನು ಎತ್ತುವುದು, ಜೋಡಿಸುವುದು. ಅಮ್ಮನಿಗೆ ಹೇಳಲಿಲ್ಲ. ಫೋನಿನಲ್ಲಿ ಕೇಳಿದಾಗೆಲ್ಲ “ಡ್ಯೂಟಿ ಇದೆಯಮ್ಮ, ಚೆನ್ನಾಗಿದೆ” ಅನ್ನುತ್ತಿದ್ದ. ನಿಮ್ಮಿಂದಲೇ ಹೀಗಾಯಿತು ಅಂತ ವಿಧವೆ ತಾಯಿಗೆ ಹೇಗೆ ಹೇಳುವುದು ಅಂತ ಅವನಿಗೆ. ಹೇಳದೆ ಹೇಗಿರುತ್ತಾನೆ ಅಂತ ನನಗೆ.

ಹೀಗಿರುವಾಗ 2009ರ ಕೊನೆಗೆ ಇಂದಿರಮ್ಮನವರೇ ಬಂದರು. ಮಗ ಸಾಕಿದ್ದ ಸುಳ್ಳು ಒಂದು ವಾರವೂ ಬಾಳಲಿಲ್ಲ. ಪೈಲಟ್ ಮಗ ಫಳಫಳ ಹೊಳೆಯುವ ಹಳದಿ ಜಾಕೆಟ್ಟು, ಕಬ್ಬಿಣದ ಮೂತಿಯ ಬೂಟು ಹಾಕಿಕೊಂಡು ಕೆಲಸಕ್ಕೆ ಹೋಗುವುದನ್ನು ಆಕೆ ಸುಮ್ಮನೆ ನೋಡಿದರು. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದರು. ಹುಳಿ ಬಡಿಸುತ್ತಿದ್ದೆ. “ಸುಧನ್ವ, ನಿನ್ನ ಬಿಳೀ ಡ್ರೆಸ್ಸು ಎಲ್ಲೋ? ಬಂದಾಗ್ಲಿಂದ ಕಾಣ್ಲಿಲ್ಲ” ಅಂತ ಕೇಳಿದರು.

ಅವನು ತಟ್ಟೆ ನೋಡುತ್ತ, “ಕೆಲಸ ಹೋಯ್ತಮ್ಮ. ವರ್ಷ ಆಗ್ತಾ ಬಂತು” ಅಂದ.

“ಯಾಕೋ? ಏನು ತಪ್ಪು ಮಾಡ್ದೆ?”

ಅಮೂಲ್ಯಾಳಿಗೆ ಇಷ್ಟು ದಿನ ತಡೆದದ್ದು ಇನ್ನು ತಡೆಯಲಾಗಲಿಲ್ಲ. “ತಪ್ಪೇನೂ ಮಾಡಿಲ್ಲ ಅತ್ತೆ. ಆಷಾಢ ಕಳೀಲಿ ಅಂತ ಕಾದ್ರು. ಜುಲೈನಲ್ಲಿ ಸೇರಿದೋರೆಲ್ಲ ಇವತ್ತೂ ಹಾರ್ತಿದಾರೆ. ಕಾದೋರನ್ನ ಕಳಿಸಿಬಿಟ್ರು” ಅಂದಳು. ನಾನು ಹುಳಿಯ ಪಾತ್ರೆ ಹಿಡಿದು ನಿಂತೇ ಇದ್ದೆ. ಈ ಮಾತು ಕೇಳಿ ಇಂದಿರಮ್ಮ ಕುಸಿದು ಹೋಗುತ್ತಾರೆ, ಹಿಡಿದುಕೊಳ್ಳಬೇಕು ಅಂದುಕೊಂಡೆ.

ಇಂದಿರಮ್ಮ ಎಂಜಲು ಕೈಯನ್ನೂ ಮರೆತು ಎರಡೂ ಕೈ ಜೋಡಿಸಿದರು. ಕಣ್ಣಲ್ಲಿ ನೀರು ತುಂಬಿ ಬಂತು. “ಅಯ್ಯೋ ನನ್ನಪ್ಪಾ! ಹಾಗಾದ್ರೆ ನೀನು ಮೇಲೆ ಹೋಗ್ತಾನೇ ಇಲ್ವೇನೋ? ಒಂದು ವರ್ಷದಿಂದ? ನಾನು ದಿನಾ ರಾತ್ರಿ ದೇವರ ಮುಂದೆ ಕೂತಿರ್ತಿದ್ನಲ್ಲೋ! ನೆಲದ ಮೇಲೇ ಇದ್ದೀಯಾ? ಕಾದಿದ್ದಕ್ಕೆ ದೇವರು ನಿನ್ನ ಕೆಳಗಿಳಿಸಿಬಿಟ್ಟ ಕಣೋ. ನಿಮ್ಮಪ್ಪ ಕಾಯ್ಲಿಲ್ಲ, ಹೋದ್ರು. ನೀನು ಕಾದೆ, ಉಳ್ಕೊಂಡೆ” ಅಂದರು.

ನಾನು ಆ ಮೇಜಿನ ಸುತ್ತ ಎಷ್ಟೋ ಜಗಳ ಕಂಡಿದ್ದೇನೆ, ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಇಂಥ ಸಂತೋಷವನ್ನು ಅಲ್ಲಿ ಕಂಡದ್ದು ಅದೇ ಮೊದಲು. ಅಮೂಲ್ಯಾ ಎದ್ದು ಹಿತ್ತಲಿಗೆ ಹೋದಳು. ಹೋಗಿ, ನಾನು ಆಗಷ್ಟೇ ಒಣಹಾಕಿದ್ದ ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಬುಟ್ಟಿಗೆ ಹಾಕತೊಡಗಿದಳು.

“ಇನ್ನು ಹತ್ತಬೇಡ ಕಣೋ” ಅಂದರು ಇಂದಿರಮ್ಮ, ಎಡಗೈ ಚಾಚಿ. “ಅವ್ರು ಮತ್ತೆ ಕರೆದ್ರೂ ಬೇಡ. ಈ ಪೆಟ್ಟಿಗೆ ಎತ್ತೋ ಕೆಲಸವೇ ಇರ್ಲಿ. ಭಾಷೆ ಕೊಡು.”

ನಮ್ಮ ಮನೆಯ ಕಿಟಕಿಯಿಂದ ಟಲ್ಲಮರೀನ್‌ಗೆ ಇಳಿಯುವ ವಿಮಾನಗಳು ಕಾಣುತ್ತವೆ. ಒಂದು ಇಳಿಯುತ್ತಿತ್ತು. ಸುಧನ್ವ ಅದು ಮನೆಗಳ ಹಿಂದೆ ಮರೆಯಾಗುವವರೆಗೆ ನೋಡಿದ. ಬೇಡ ಕಣೋ, ಕೊಡಬೇಡ ಅಂತ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳುವುದಕ್ಕೆ ನಾನು ಯಾರು? ಡಬ್ಬೊ ವಿಮಾನದಲ್ಲಿ ಅವನ ತಾಯಿ ಅಂತ ಹೇಳಿಕೊಂಡವಳು, ಅಷ್ಟೆ. ನಿಜವಾದ ತಾಯಿ ಎದುರಿಗೆ ಕೂತಿದ್ದರು. ಅವನು ಆಕೆಯ ಅಂಗೈ ಮೇಲೆ ಕೈ ಇಟ್ಟ.

ಊಟವಾದ ಮೇಲೆ ಇಂದಿರಮ್ಮ ನಮ್ಮ ಸೋಫಾದ ಮೇಲೆ ಮಲಗಿ, ಮಲಗಿದ ಕೂಡಲೇ ಗೊರಕೆ ಹೊಡೆಯತೊಡಗಿದರು. ಅವನು ಕೆಳಗೆ ಕಾರ್ಪೆಟ್ಟಿನ ಮೇಲೆ ಕೂತು ಅದನ್ನು ಕೇಳುತ್ತಿದ್ದ. ಸಂಜೆ ಆಕೆ ಏಳುವವರೆಗೂ ಅಲ್ಲಿಂದ ಕದಲಲಿಲ್ಲ.

ಆಕೆ ಇಲ್ಲಿಯ ಬೇಸಿಗೆ ಕಳೆದು ಊರಿಗೆ ಮರಳಿದರು. ಯುಗಾದಿ ಮುಗಿದ ಮೇಲೆ ಒಂದು ಬುಧವಾರ ಬೆಳಗ್ಗೆ, ರಾತ್ರಿ ಪಾಳಿ ಮುಗಿಸಿ ಸುಧನ್ವ ಹುಳಿಪುಡಿ ಒಯ್ಯಲು ನಮ್ಮ ಮನೆಗೆ ಬಂದಿದ್ದ. ಅಡುಗೆಮನೆಯಲ್ಲಿ ನಿಂತೇ ಕಾಫಿ ಕುಡಿಯುತ್ತಿದ್ದಾಗ ಅವನಿಗೆ ಫೋನ್ ಬಂತು. ಆ ಕಡೆಯ ಹೆಂಗಸಿನ ದನಿ ನನಗೂ ಕೇಳುತ್ತಿತ್ತು. ಸಿಡ್ನಿಯಿಂದ. ಪರಿಸ್ಥಿತಿ ಸುಧಾರಿಸಿದೆ, ಆಗಸ್ಟ್ ಬ್ಯಾಚಿನವರ ಸರದಿ ಬಂದಿದೆ, ಟ್ರೈನಿಂಗ್ ಮತ್ತೆ ನಾವೇ ಕೊಡುತ್ತೇವೆ, ಯಾವತ್ತು ಬರುತ್ತೀಯ ಅಂತ.

ನಾನು ಸೌಟು ಕೆಳಗಿಟ್ಟು ಎರಡೂ ಕೈಯಿಂದ ಸನ್ನೆ ಮಾಡಿದೆ: ಹೂಂ ಅನ್ನು, ಹೂಂ ಅನ್ನು. ಅವನು ನನ್ನನ್ನು ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ, ನನಗೆ ಬರಲಾಗುವುದಿಲ್ಲ, ಮನೆಯಲ್ಲಿ ಕಾರಣವಿದೆ ಅಂದ. ‘ನೋ ವರೀಸ್’ ಅಂದಳು ಆಕೆ. ಫೋನ್ ಇಟ್ಟಳು. ಆ ಜಾಗ ಸರದಿಯಲ್ಲಿ ಮುಂದಿನವನಿಗೆ ಹೋಯಿತು.

“ಅಮ್ಮಂಗೆ ಫೋನ್ ಮಾಡೋ” ಅಂತ ನಾನು ಕೂಗಾಡಿದೆ. “ಈಗ್ಲೇ ಮಾಡಿ ಕೇಳು, ಭಾಷೆ ವಾಪಸ್ ಕೊಡಿ ಅನ್ನು! ಬೇಕಾದ್ರೆ ನಾನು ಮಾತಾಡ್ತೀನಿ, ಕೊಡು ಇಲ್ಲಿ!”

ಅವನು ಲೋಟ ತೊಳೆದು ಬೋರಲು ಹಾಕಿದ. ಗೋಡೆಯ ಗಡಿಯಾರ ನೋಡಿದ. ಊರಲ್ಲಿ ಇನ್ನೂ ಬೆಳಕು ಹರಿದಿರಲಿಕ್ಕಿಲ್ಲ.

“ಅಮ್ಮ ಈಗ ಮಲಗಿರ್ತಾರೆ ಆಂಟಿ” ಅಂದ. “ಈಚೆಗೆ ಚೆನ್ನಾಗಿ ನಿದ್ದೆ ಬರ್ತಿದೆಯಂತೆ.”